ಚಳಿಗೆ ಟ್ರ್ಯಾಕ್ಟರ್ ಸ್ಟಾರ್ಟ್ ಆಗುತ್ತಿಲ್ಲವೇ? ಸರಿಯಾದ ಎಂಜಿನ್ ಹೀಟರ್ ಆರಿಸುವುದು ಹೀಗೆ

ಎಂಜಿನ್ ಹೀಟರ್ ತೆಗೆದುಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ವಾಟ್‌ನದ್ದು ತರಲಿ?’ ಅಂತ. ನನ್ನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಬಿಸಿ ಎಂಜಿನ್‌ನ ಯಾವ ಭಾಗಕ್ಕೆ ತಲುಪಬೇಕು ಎಂಬುದು ಮೊದಲನೆಯದು. ಜಾಗ ತಪ್ಪಿದರೆ ಎಷ್ಟು ದೊಡ್ಡ ಹೀಟರ್ ಹಾಕಿದರೂ ಕರೆಂಟ್ ಸುಮ್ನೆ ಖರ್ಚಾಗುತ್ತದೆ. ಜಾಗ ಸರಿ ಇದ್ದರೆ ಸಣ್ಣ ಹೀಟರ್ ಕೂಡ ಬೆಳಗ್ಗೆ ಒಂದೇ ಸೆಲ್ಫ್‌ಗೆ ಎಂಜಿನ್ ಎಬ್ಬಿಸುತ್ತದೆ.

ಯಾಕೆ ಅಂತ ತಿಳಿಯಲು ಡೀಸೆಲ್ ಎಂಜಿನ್ ಹೊತ್ತಿಕೊಳ್ಳುವ ಬಗೆಯನ್ನು ನೆನಪಿಸಿಕೊಳ್ಳಬೇಕು. ಇದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು 16ರಿಂದ 20 ಪಟ್ಟು ಒತ್ತಿ ಹಿಡಿಯುತ್ತದೆ. ಆ ಒತ್ತಡಕ್ಕೆ ಗಾಳಿ ಕಾದು, ಒಳಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಚಳಿಯಲ್ಲಿ ಮೂರು ತೊಂದರೆಗಳು ಒಟ್ಟಿಗೆ ಬರುತ್ತವೆ. ತಣ್ಣಗಿರುವ ಸಿಲಿಂಡರ್ ಗೋಡೆ ಆ ಬಿಸಿಯನ್ನು ಹೀರಿಕೊಳ್ಳುತ್ತದೆ. ಎಂಜಿನ್ ಆಯಿಲ್ ಗಟ್ಟಿಯಾಗಿ ಕ್ರ್ಯಾಂಕ್ ಸುತ್ತುವುದೇ ನಿಧಾನವಾಗುತ್ತದೆ. ನಿಧಾನವಾದಷ್ಟೂ ಒತ್ತಿದ ಗಾಳಿ ರಿಂಗ್‌ಗಳ ಪಕ್ಕದಿಂದ ಸೋರಲು ಹೊತ್ತು ಜಾಸ್ತಿ ಸಿಗುತ್ತದೆ. ಇಷ್ಟರ ಮೇಲೆ ಬ್ಯಾಟರಿಯೂ ಸೋಲುತ್ತದೆ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೆಡ್ ಆ್ಯಸಿಡ್ ಬ್ಯಾಟರಿಯ ಶಕ್ತಿ, ಬೆಚ್ಚಗಿದ್ದಾಗ ಇರುವುದರ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಎಂಜಿನ್ ಜಾಸ್ತಿ ಬಲ ಕೇಳುವ ಹೊತ್ತಿಗೇ ಬ್ಯಾಟರಿ ಕಡಿಮೆ ಬಲ ಕೊಡುತ್ತದೆ.

ಅಂದರೆ ಬಿಸಿ ಮುಖ್ಯವಾಗಿ ಬೇಕಿರುವುದು ಸಿಲಿಂಡರ್ ಸುತ್ತ. ಅಲ್ಲಿ ಹರಿಯುವುದು ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್. ಹಾಗಾಗಿ ಒಂದೇ ಹೀಟರ್ ಹಾಕಲು ಸಾಧ್ಯವಿದ್ದರೆ ಕೂಲೆಂಟ್ ಬಿಸಿ ಮಾಡುವುದನ್ನೇ ಹಾಕಿಸಿ. ಇದು ನನ್ನ ಖಚಿತ ಅಭಿಪ್ರಾಯ. ಉಳಿದ ಹೀಟರ್‌ಗಳು ಇದಕ್ಕೆ ಜೊತೆಯಾಗಿ ಬರಬೇಕು, ಅಥವಾ ಇದನ್ನು ಹಾಕಲು ಆಗದಿದ್ದಾಗ ಬರಬೇಕು.

ಹೆಜ್ಜೆ 1: ತೊಂದರೆ ನಿಜಕ್ಕೂ ಚಳಿಯದ್ದೇ?

ಹತ್ತು ಡಿಗ್ರಿ ಬಿಸಿ ಇರುವ ದಿನವೂ ಟ್ರ್ಯಾಕ್ಟರ್ ಸ್ಟಾರ್ಟ್ ಆಗಲು ಒದ್ದಾಡುತ್ತಿದ್ದರೆ ಹೀಟರ್ ಅದಕ್ಕೆ ಮದ್ದಲ್ಲ. ಕಂಪ್ರೆಷನ್ (ಗಾಳಿ ಒತ್ತುವ ಬಲ) ಕಡಿಮೆಯಾಗಿರಬಹುದು, ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಒಳಗೆ ಬಿಸಿ ಕೊಡುವ ಪ್ಲಗ್) ಸುಟ್ಟಿರಬಹುದು, ಡೀಸೆಲ್ ಲೈನಿನಲ್ಲಿ ಗಾಳಿ ಹಿಡಿದಿರಬಹುದು. ಹೀಟರ್ ಹಾಕಿದರೆ ಆ ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ.

ಬ್ಯಾಟರಿ ಟರ್ಮಿನಲ್ ಬಿಚ್ಚಿ ಉಜ್ಜಿ ಬಿಗಿ ಮಾಡಿ. ಎಂಜಿನ್ ಬಾಡಿಗೆ ಬರುವ ಅರ್ಥ್ ವೈರ್ ನೋಡಿ, ಅದನ್ನು ತುಂಬಾ ಜನ ಮರೆಯುತ್ತಾರೆ. ಗ್ಲೋ ಪ್ಲಗ್ ಅಥವಾ ಗಾಳಿ ಒಳಹೋಗುವ ದಾರಿಯ ಹೀಟರ್ ಇದ್ದರೆ ಅದು ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಿ.

ಆಮೇಲೆ ಆಯಿಲ್ ಗ್ರೇಡ್. 15ಡಬ್ಲ್ಯೂ-40 ಎಂದು ಬರೆದಿದ್ದರೆ ಅದರ ಚಳಿ ಪರೀಕ್ಷೆ ನಡೆಯುವುದು ಮೈನಸ್ 20 ಡಿಗ್ರಿಯಲ್ಲಿ. 10ಡಬ್ಲ್ಯೂ ಆಯಿಲ್‌ಗೆ ಮೈನಸ್ 25, 5ಡಬ್ಲ್ಯೂಗೆ ಮೈನಸ್ 30, 0ಡಬ್ಲ್ಯೂಗೆ ಮೈನಸ್ 35. ಇವು ಆಯಾ ಆಯಿಲ್‌ನ ಕೊನೆಯ ಗಡಿಗಳು. ಗಡಿಯ ಹತ್ತಿರ ಹೋದಂತೆಲ್ಲ ಎಂಜಿನ್ ಒದ್ದಾಡುತ್ತದೆ. ಎಂಜಿನ್ ತಯಾರಕರು ಒಪ್ಪುವುದಾದರೆ ಚಳಿಗಾಲಕ್ಕೆ 5ಡಬ್ಲ್ಯೂ-40 ಹಾಕಿಸುವುದೇ ಅರ್ಧ ಪರಿಹಾರ.

ಇವೆಲ್ಲ ಸರಿ ಇದ್ದರೆ, ಗ್ಲೋ ಪ್ಲಗ್ ಇರುವ ಆರೋಗ್ಯವಂತ ಎಂಜಿನ್ ಸೊನ್ನೆಯ ಆಸುಪಾಸಿನಲ್ಲಿ ಹೀಟರ್ ಇಲ್ಲದೆಯೂ ಏಳುತ್ತದೆ. ಮೈನಸ್ 10ರಿಂದ ಕೆಳಗೆ ಹೀಟರ್ ಬೆಲೆ ಗೊತ್ತಾಗುತ್ತದೆ. ಮೈನಸ್ 20ರ ಕೆಳಗೆ ಹೀಟರ್ ಇಲ್ಲದೆ ದಿನಾ ಟ್ರ್ಯಾಕ್ಟರ್ ಓಡಿಸುವುದು ಎಂಜಿನ್‌ಗೆ ಹಿಂಸೆ. ಸ್ಟಾರ್ಟ್ ಆದರೂ ಗಟ್ಟಿಯಾದ ಆಯಿಲ್ ಬೇರಿಂಗ್ ತಲುಪಲು ತಡವಾಗುತ್ತದೆ. ಆ ಸ್ವಲ್ಪ ಹೊತ್ತಿನ ಸವೆತವೇ ಜಾಸ್ತಿ.

ಹೆಜ್ಜೆ 2: ಟ್ರ್ಯಾಕ್ಟರ್ ನಿಲ್ಲುವ ಜಾಗದಲ್ಲಿ ಕರೆಂಟ್ ಇದೆಯೇ?

ಇದ್ದರೆ ಕೆಲಸ ಸುಲಭ, ಮುಂದಿನ ಹೆಜ್ಜೆಗೆ ಹೋಗಿ. ಇಲ್ಲದಿದ್ದರೆ ಡೀಸೆಲ್ ಉರಿಸಿ ಕೂಲೆಂಟ್ ಕಾಯಿಸುವ ಹೀಟರ್ ನೋಡಬೇಕು. ವೆಬಾಸ್ಟೊ, ಎಬರ್‌ಸ್ಪೇಷರ್ ಈ ಬಗೆಯಲ್ಲಿ ಹಳೆಯ ಹೆಸರುಗಳು. ಟ್ರ್ಯಾಕ್ಟರ್‌ನದೇ ಟ್ಯಾಂಕಿನಿಂದ ಡೀಸೆಲ್ ತೆಗೆದುಕೊಂಡು ಪುಟ್ಟ ಚೇಂಬರ್‌ನಲ್ಲಿ ಉರಿಸುತ್ತವೆ. ತಮ್ಮದೇ ಪಂಪಿನಿಂದ ಕೂಲೆಂಟ್ ತಿರುಗಿಸುತ್ತವೆ. 5 ಕಿಲೋವಾಟ್‌ನ ಹೀಟರ್ ಪೂರ್ತಿ ಬಲದಲ್ಲಿ ಉರಿದರೆ ಗಂಟೆಗೆ ಅರ್ಧ ಲೀಟರ್‌ಗಿಂತ ತುಸು ಜಾಸ್ತಿ ಡೀಸೆಲ್ ಬೇಕು. ಕರೆಂಟ್ ಹೀಟರ್‌ಗಿಂತ ಬಿಸಿ ಹಲವು ಪಟ್ಟು, ಹಾಗಾಗಿ ಎಂಜಿನ್ ಬೇಗ ಕಾಯುತ್ತದೆ.

ತೊಂದರೆಗಳೂ ಇವೆ. ಬೆಲೆ ಜಾಸ್ತಿ. ಉರಿ ಹೊತ್ತಿಸಲು ಮತ್ತು ಪಂಪ್ ತಿರುಗಿಸಲು ಟ್ರ್ಯಾಕ್ಟರ್ ಬ್ಯಾಟರಿಯೇ ಬೇಕು, ಅದು ಮೊದಲೇ ಸೋತಿದ್ದರೆ ಹೀಟರ್ ಕೂಡ ಕೈಕೊಡುತ್ತದೆ. ಹೊಗೆ ಬರುವುದರಿಂದ ಮುಚ್ಚಿದ ಶೆಡ್ಡಿನಲ್ಲಿ ಇದನ್ನು ಯಾವತ್ತೂ ಹಚ್ಚಬಾರದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಹತ್ತು ನಿಮಿಷ ಉರಿಸುತ್ತಿರಬೇಕು, ಇಲ್ಲದಿದ್ದರೆ ಬೇಕಾದ ದಿನ ಅದು ಏಳುವುದಿಲ್ಲ.

ಹೆಜ್ಜೆ 3: ಬಗೆ ಆರಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಿ. ಹಣ ಪೋಲಾಗುವುದು ಜಾಸ್ತಿ ಇಲ್ಲೇ.

ಬ್ಲಾಕ್ ಹೀಟರ್ ಎಂದರೆ ಎಂಜಿನ್ ಬ್ಲಾಕಿನ ಒಳಗೇ ಕೂರುವ ಕಾಯಿಲ್. ಬ್ಲಾಕ್ ಎರಕ ಹೊಯ್ಯುವಾಗ ಉಳಿದ ದುಂಡು ತೂತುಗಳನ್ನು ಲೋಹದ ಬಿಲ್ಲೆಯಿಂದ ಮುಚ್ಚಿರುತ್ತಾರೆ, ಅದಕ್ಕೆ ಕೋರ್ ಪ್ಲಗ್ ಎನ್ನುತ್ತಾರೆ. ಒಂದು ಬಿಲ್ಲೆ ತೆಗೆದು ಆ ಜಾಗದಲ್ಲಿ ಹೀಟರ್ ಕೂರಿಸುತ್ತಾರೆ. ಕೆಲವು ಎಂಜಿನ್‌ಗಳಲ್ಲಿ ಇದಕ್ಕೆಂದೇ ಥ್ರೆಡ್ ಇರುವ ತೂತು ಇರುತ್ತದೆ. ಕಾಯಿಲ್ ನೇರ ಕೂಲೆಂಟ್‌ನಲ್ಲಿ ಮುಳುಗಿರುವುದರಿಂದ ಬಿಸಿ ದಾರಿಯಲ್ಲಿ ಕಳೆದುಹೋಗುವುದಿಲ್ಲ. ಸಿಲಿಂಡರ್ ಗೋಡೆಗೆ ನೇರ ತಲುಪುತ್ತದೆ. ಜೋತಾಡುವ ಪೈಪಿಲ್ಲ, ಹೊರಗೆ ಏನೂ ಚಾಚಿಕೊಂಡಿರುವುದಿಲ್ಲ. ಹೊಲದಲ್ಲಿ ಕಡ್ಡಿ, ಕಲ್ಲು ತಾಗುವ ಟ್ರ್ಯಾಕ್ಟರಿಗೆ ಇದು ದೊಡ್ಡ ಅನುಕೂಲ. ನಿಮ್ಮ ಎಂಜಿನ್‌ಗೆಂದೇ ಮಾಡಿದ ಬ್ಲಾಕ್ ಹೀಟರ್ ಸಿಗುವುದಾದರೆ ಬೇರೆಯದನ್ನು ನೋಡುವ ಅಗತ್ಯ ಇಲ್ಲ.

ಇದರ ಹಿಂದೆ ಒಂದು ಒಳ್ಳೇ ಕಥೆ ಇದೆ. ಅಮೆರಿಕದ ನಾರ್ತ್ ಡಕೋಟಾದಲ್ಲಿ ಹಳ್ಳಿಗಳಿಗೆ ಕರೆಂಟ್ ಕೊಡುವ ಸಹಕಾರ ಸಂಸ್ಥೆಯನ್ನು ನಡೆಸುತ್ತಿದ್ದ ಆ್ಯಂಡ್ರೂ ಫ್ರೀಮನ್ 1949ರಲ್ಲಿ ಎಂಜಿನ್ ಹೀಟರ್‌ಗೆ ಪೇಟೆಂಟ್ ಪಡೆದರು. ಸಿಲಿಂಡರ್ ಹೆಡ್‌ನ ಒಂದು ಬೋಲ್ಟ್ ತೆಗೆದು ಅಲ್ಲಿ ಹೀಟರ್ ಇರುವ ಬೋಲ್ಟ್ ಹಾಕುವುದು ಅವರ ಉಪಾಯ. ಬಿಸಿ ಎಂಜಿನ್‌ನ ಒಳಗಿನಿಂದಲೇ ಬರಬೇಕು ಎಂಬುದನ್ನು ಅವರು ಆಗಲೇ ಕಂಡುಕೊಂಡಿದ್ದರು.

ಬ್ಲಾಕ್ ಹೀಟರ್ ಹೊಂದದಿದ್ದರೆ ಟ್ಯಾಂಕ್ ಹೀಟರ್. ಇದು ಎಂಜಿನ್ ಹೊರಗೆ ಕೂರುವ ಪುಟ್ಟ ಡಬ್ಬಿ, ಒಳಗೆ ಕಾಯಿಲ್. ಬ್ಲಾಕಿನ ಕೆಳಗಿನ ಡ್ರೈನ್ ಜಾಗದಿಂದ ಒಂದು ಹೋಸ್ ಬಂದು ಡಬ್ಬಿ ಸೇರುತ್ತದೆ. ಇನ್ನೊಂದು ಹೋಸ್ ಡಬ್ಬಿಯಿಂದ ಹೊರಟು ಎಂಜಿನ್‌ನ ಮೇಲ್ಭಾಗಕ್ಕೆ ಹೋಗುತ್ತದೆ. ಬಿಸಿ ಕೂಲೆಂಟ್ ಮೇಲೇರಿ, ತಣ್ಣನೆಯದು ಕೆಳಗಿಳಿದು ತಾನಾಗಿ ಸುತ್ತುತ್ತದೆ. ಆದ್ದರಿಂದ ಡಬ್ಬಿ ಎಂಜಿನ್‌ನ ಕೆಳಗಿನ ಹೋಸ್ ಕೂರುವ ಮಟ್ಟಕ್ಕಿಂತ ಮೇಲೆ ಇರಲೇಬಾರದು. ಮೇಲಿನ ಹೋಸ್ ಡಬ್ಬಿಯಿಂದ ಎಂಜಿನ್‌ವರೆಗೆ ಏರುತ್ತಲೇ ಹೋಗಬೇಕು. ಮಧ್ಯೆ ಒಂದು ಉಬ್ಬು ಬಂದರೆ ಅಲ್ಲಿ ಗಾಳಿ ನಿಂತು ಸುತ್ತಾಟವೇ ನಿಂತುಹೋಗುತ್ತದೆ. ‘ಟ್ಯಾಂಕ್ ಹೀಟರ್ ಹಾಕಿದೆ, ಏನೂ ಪ್ರಯೋಜನ ಆಗಲಿಲ್ಲ’ ಎನ್ನುವವರ ಟ್ರ್ಯಾಕ್ಟರ್‌ನಲ್ಲಿ ಮೊದಲು ಈ ಉಬ್ಬನ್ನೇ ಹುಡುಕಬೇಕು. ಡಬ್ಬಿಯ ಮೇಲಿನ ಬಾಣದ ಗುರುತು ಯಾವ ಕಡೆಗಿದೆ ಎಂದೂ ನೋಡಿ. ಪಂಪ್ ಇರುವ ಟ್ಯಾಂಕ್ ಹೀಟರ್‌ಗಳೂ ಸಿಗುತ್ತವೆ. ಅವು ದೊಡ್ಡ ಎಂಜಿನ್‌ಗಳಿಗೆ ಚೆನ್ನ, ಇಡೀ ಬ್ಲಾಕ್ ಒಂದೇ ಸಮನೆ ಕಾಯುತ್ತದೆ.

ರೇಡಿಯೇಟರ್‌ನ ಕೆಳಗಿನ ಹೋಸ್ ಕತ್ತರಿಸಿ ಮಧ್ಯೆ ಕೂರಿಸುವ ಹೀಟರ್ ಹಾಕುವುದು ಸುಲಭ. ಕೋರ್ ಪ್ಲಗ್ ಬಿಚ್ಚುವ ತಾಪತ್ರಯ ಇಲ್ಲ. ಆದರೆ ಬಿಸಿಯ ಒಂದು ಪಾಲು ರೇಡಿಯೇಟರ್ ಕಡೆಗೂ ಹೋಗುತ್ತದೆ. ಹಾಕುವುದಾದರೆ ಎಂಜಿನ್‌ಗೆ ಆದಷ್ಟು ಹತ್ತಿರ ಹಾಕಿ. ಹೋಸ್‌ನ ಒಳ ಅಳತೆ ಸರಿಯಾಗಿ ತೆಗೆದುಕೊಂಡು ಹೋಗಿ.

ಎಂಜಿನ್ ಕೆಳಗಿನ ಆಯಿಲ್ ಚೇಂಬರ್‌ಗೆ ಅಂಟಿಸುವ ಸಿಲಿಕೋನ್ ಪ್ಯಾಡ್ ಹೀಟರ್ ಕೂಲೆಂಟ್ ಹೀಟರ್‌ಗೆ ಒಳ್ಳೆಯ ಜೋಡಿ. ಆಯಿಲ್ ತೆಳುವಾದರೆ ಎಂಜಿನ್ ಸಲೀಸಾಗಿ ತಿರುಗುತ್ತದೆ, ಬೇರಿಂಗ್‌ಗೆ ಬೇಗ ತಲುಪುತ್ತದೆ. ಅಂಟಿಸುವ ಜಾಗ ಸಮತಟ್ಟಾಗಿರಬೇಕು. ಬಣ್ಣ, ಜಿಡ್ಡು ಪೂರ್ತಿ ಉಜ್ಜಿ ತೆಗೆದಿರಬೇಕು. ಅಂಚು ಎದ್ದರೆ ಆ ಜಾಗ ಅತಿಯಾಗಿ ಕಾದು ಪ್ಯಾಡ್ ಸುಡುತ್ತದೆ. ಡಾಯ್ಟ್ಸ್‌ನ ಹಳೇ ಮಾದರಿಗಳಂತಹ ಏರ್ ಕೂಲ್ಡ್ ಟ್ರ್ಯಾಕ್ಟರ್ ಇದ್ದರೆ ಅಲ್ಲಿ ಕೂಲೆಂಟೇ ಇಲ್ಲ. ಹಾಗಾಗಿ ಆಯಿಲ್ ಹೀಟರ್ ಮತ್ತು ಬ್ಯಾಟರಿಗೆ ಸುತ್ತುವ ಬಿಸಿ ಹೊದಿಕೆಯೇ ಗತಿ.

ಮ್ಯಾಗ್ನೆಟ್ ಹೀಟರ್ 200–300 ವಾಟ್‌ನದ್ದು. ಅಂಟಿಸಿ ತೆಗೆಯಬಹುದು, ಹಲವು ಯಂತ್ರಗಳಿಗೆ ಬಳಸಬಹುದು. ಅಲ್ಯೂಮಿನಿಯಂ ಚೇಂಬರ್‌ಗೆ ಅಂಟುವುದೇ ಇಲ್ಲ. ತುಂಬಾ ಟ್ರ್ಯಾಕ್ಟರ್‌ಗಳ ಚೇಂಬರ್ ದಪ್ಪ ಎರಕದ ಕಬ್ಬಿಣದ್ದು, ಮೈ ಒರಟು. ಅಲ್ಲಿ ಅಂಟಿದರೂ ಬಿಸಿ ಒಳಗೆ ಹೋಗುವುದು ಕಡಿಮೆ. ಆಪತ್ತಿಗೆ ಇಟ್ಟುಕೊಳ್ಳಿ, ದಿನಾ ಬಳಸಲು ಇದನ್ನು ನಂಬಬೇಡಿ. ಡಿಪ್‌ಸ್ಟಿಕ್ ಜಾಗದಲ್ಲಿ ಇಳಿಸುವ ಹೀಟರ್ ಬೇಡವೇ ಬೇಡ. ಸಣ್ಣ ಕಡ್ಡಿಯ ಸುತ್ತ ಇರುವ ಆಯಿಲ್ ಮಾತ್ರ ಕಾಯುತ್ತದೆ, ಸಿಲಿಂಡರ್‌ಗೆ ಏನೂ ತಲುಪುವುದಿಲ್ಲ.

ಬ್ಯಾಟರಿ ಹೊದಿಕೆ ಹೀಟರ್ ಮಾತ್ರ ಖರ್ಚಿಗೆ ಮೋಸ ಮಾಡದ ವಸ್ತು. ಮೈನಸ್ 20ರ ಕೆಳಗಿನ ಊರುಗಳಲ್ಲಿ ಬ್ಲಾಕ್ ಹೀಟರ್ ಜೊತೆಗೆ ಇದನ್ನೂ ಹಾಕಿಸಿ.

ಹೆಜ್ಜೆ 4: ವಾಟ್ ಮತ್ತು ವೋಲ್ಟೇಜ್

ಎರಡು ಲೀಟರ್ ಒಳಗಿನ ಪುಟ್ಟ ಮೂರು ಸಿಲಿಂಡರ್ ಎಂಜಿನ್‌ಗೆ 400–600 ವಾಟ್ ಸಾಕು. ಮೂರರಿಂದ ನಾಲ್ಕೂವರೆ ಲೀಟರ್ ಎಂಜಿನ್‌ಗೆ 750–1000. ಆರು ಲೀಟರ್ ಮತ್ತು ಮೇಲಿನದಕ್ಕೆ 1000–1500. ಗಾಳಿ ಬೀಸುವ ಬಯಲಿನಲ್ಲಿ ಟ್ರ್ಯಾಕ್ಟರ್ ನಿಲ್ಲುವುದಾದರೆ ಆಯಾ ಜೋಡಿಯ ದೊಡ್ಡ ಅಂಕಿ ನೋಡಿ, ಶೆಡ್ಡಿನೊಳಗೆ ನಿಂತರೆ ಸಣ್ಣದು. ರೇಡಿಯೇಟರ್ ಮುಂದೆ ಒಂದು ದಪ್ಪ ಬಟ್ಟೆ ಅಡ್ಡ ಕಟ್ಟಿದರೂ ಬಿಸಿ ಉಳಿಯುತ್ತದೆ. ಸ್ಟಾರ್ಟ್ ಮಾಡುವ ಮೊದಲು ಅದನ್ನು ತೆಗೆಯಲು ಮರೆಯಬೇಡಿ.

ಬ್ಲಾಕ್ ಹೀಟರ್‌ನಲ್ಲಿ ಬೇಕಾದಷ್ಟು ವಾಟ್ ಹಾಕಲು ಆಗುವುದಿಲ್ಲ. ಸಣ್ಣ ಜಾಗದಲ್ಲಿ ಅತಿಯಾದ ಬಿಸಿ ಬಂದರೆ ಕಾಯಿಲ್ ಸುತ್ತಲಿನ ಕೂಲೆಂಟ್ ಕುದಿದು ಗುಳ್ಳೆ ಏಳುತ್ತದೆ, ಕಾಯಿಲ್ ಸುಡುತ್ತದೆ. ತಯಾರಕರು ಆ ಎಂಜಿನ್‌ಗೆ ಹೇಳಿದ ವಾಟ್ ಅನ್ನೇ ಹಾಕಿ.

ವೋಲ್ಟೇಜ್ ವಿಷಯದಲ್ಲಿ ತುಂಬಾ ಎಚ್ಚರ ಬೇಕು. ಹೀಟರ್‌ಗಳು 120 ವೋಲ್ಟ್‌ಗೂ ಇವೆ, 230–240 ವೋಲ್ಟ್‌ಗೂ ಇವೆ. ನೋಡಲು ಒಂದೇ ತರಹ. 120 ವೋಲ್ಟ್‌ನ ಹೀಟರನ್ನು 230 ವೋಲ್ಟ್‌ಗೆ ಸಿಕ್ಕಿಸಿದರೆ ಅದು ಸುಮಾರು ಎರಡು ಪಟ್ಟು ಕರೆಂಟ್ ಎಳೆದು, ನಾಲ್ಕು ಪಟ್ಟಿನ ಹತ್ತಿರ ವಾಟ್ ಆಗಿ ಸುಟ್ಟುಹೋಗುತ್ತದೆ, ಬೆಂಕಿಯೂ ಹತ್ತಬಹುದು. ಉಲ್ಟಾ ಆದರೆ ಬರುವುದು ಸುಮಾರು ಕಾಲು ಭಾಗ ಬಿಸಿ ಮಾತ್ರ. ಆನ್‌ಲೈನ್‌ನಲ್ಲಿ ಬೇರೆ ದೇಶದಿಂದ ತರಿಸುವವರು ಲೇಬಲ್ ಎರಡು ಸಲ ಓದಿ.

ಹೆಜ್ಜೆ 5: ಎಂಜಿನ್ ನಂಬರ್ ಬರೆದುಕೊಂಡು ಅಂಗಡಿಗೆ ಹೋಗಿ

ಬಾನೆಟ್ ಮೇಲಿನ ಟ್ರ್ಯಾಕ್ಟರ್ ಮಾದರಿಯ ಹೆಸರು ಇಲ್ಲಿ ಸಾಲದು. ಒಂದೇ ಹೆಸರಿನ ಟ್ರ್ಯಾಕ್ಟರ್‌ಗೆ ವರ್ಷದಿಂದ ವರ್ಷಕ್ಕೆ ಬೇರೆ ಎಂಜಿನ್ ಬಂದಿರುತ್ತದೆ. ಎಂಜಿನ್ ಮೇಲಿನ ಪ್ಲೇಟ್‌ನಲ್ಲಿರುವ ಮಾದರಿ ಮತ್ತು ಸೀರಿಯಲ್ ನಂಬರ್ ಬರೆದುಕೊಳ್ಳಿ, ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಕೋರ್ ಪ್ಲಗ್‌ನ ಅಳತೆ ಹೊಂದಿದ ಮಾತ್ರಕ್ಕೆ ಹೀಟರ್ ಹೊಂದುತ್ತದೆ ಎಂದಲ್ಲ. ಒಳಗೆ ಕಾಯಿಲ್ ಚಾಚಲು ಜಾಗ ಬೇಕು. ಅದು ಒಳಗಿನ ಎರಕದ ಗೋಡೆಗೆ ತಾಗಿದರೆ ಅಲ್ಲೇ ಸುಟ್ಟು ಹೋಗುತ್ತದೆ.

ಹೆಜ್ಜೆ 6: ಕೂರಿಸುವಾಗ

ತಣ್ಣಗಿರುವ ಎಂಜಿನ್‌ನಲ್ಲೇ ಕೂಲೆಂಟ್ ಇಳಿಸಿ. ತೂತಿನ ಅಂಚಿನ ತುಕ್ಕು ಚೆನ್ನಾಗಿ ತೆಗೆಯಿರಿ, ಇಲ್ಲದಿದ್ದರೆ ಸೋರುತ್ತದೆ. ಕಾಯಿಲ್ ಯಾವ ಕಡೆಗೆ ಮುಖ ಮಾಡಬೇಕು ಎಂಬುದು ಹೀಟರ್ ಜೊತೆಗಿನ ಚೀಟಿಯಲ್ಲಿರುತ್ತದೆ.

ವಾಪಸ್ ತುಂಬುವಾಗ ಕೂಲೆಂಟ್ ಮತ್ತು ನೀರು ಅರ್ಧರ್ಧ ಇರಲಿ. ಕೂಲೆಂಟ್‌ನ ಮೂಲ ದ್ರವವಾದ ಎಥಿಲೀನ್ ಗ್ಲೈಕಾಲ್ ಅರ್ಧ, ನೀರು ಅರ್ಧ ಇದ್ದರೆ ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಗ್ಲೈಕಾಲ್ ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅಂತ ಕೆಲವರು ನೀರೇ ಬೆರೆಸುವುದಿಲ್ಲ. ಅದು ತಪ್ಪು. ಬರೀ ಗ್ಲೈಕಾಲ್ ಮೈನಸ್ 13ರ ಸುಮಾರಿಗೇ ಗಟ್ಟಿಯಾಗುತ್ತದೆ. ಜೊತೆಗೆ ಬಿಸಿಯನ್ನು ಹೊತ್ತೊಯ್ಯುವ ಶಕ್ತಿಯೂ ಅದಕ್ಕೆ ನೀರಿಗಿಂತ ಕಡಿಮೆ, ಕಾಯಿಲ್ ಮೇಲೆ ಪದರ ಕಟ್ಟುತ್ತದೆ.

ಈಗ ಬಹಳ ಮುಖ್ಯವಾದ ಮಾತು. ಕೂಲೆಂಟ್ ತುಂಬಿದ ಕೂಡಲೇ ಹೀಟರ್ ಪ್ಲಗ್ ಹಾಕಬೇಡಿ. ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಕಾಯಿಲ್ ಸುತ್ತ ಗಾಳಿ ಇದ್ದರೆ ಕ್ಷಣದಲ್ಲಿ ಸುಡುತ್ತದೆ. ಎಂಜಿನ್ ಓಡಿಸಿ, ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ತೆರೆಯುವಷ್ಟು ಬಿಸಿಯಾಗಲಿ. ಪೂರ್ತಿ ಆರಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ಕಡಿಮೆಯಾದಷ್ಟು ತುಂಬಿಸಿ. ಆಮೇಲೆ ಕರೆಂಟ್ ಕೊಡಿ. ‘ಪರೀಕ್ಷೆ ಮಾಡ್ತೀನಿ’ ಅಂತ ಹೊಸ ಹೀಟರನ್ನು ಕೈಯಲ್ಲಿ ಹಿಡಿದು ಒಣಗಿದ್ದಾಗಲೇ ಪ್ಲಗ್ ಹಾಕುವವರು ಅಲ್ಲೇ ಅದನ್ನು ಕಳೆದುಕೊಳ್ಳುತ್ತಾರೆ.

ವೈರ್ ಫ್ಯಾನ್‌ನಿಂದ, ಸೈಲೆನ್ಸರ್ ಪೈಪಿನಿಂದ ದೂರ ಇರಲಿ. ಅಲುಗಾಡದಂತೆ ಕಟ್ಟಿ. ಪ್ಲಗ್‌ನ ತುದಿಗೆ ಮುಚ್ಚಳ ಇರಲಿ. ಎಕ್ಸ್‌ಟೆನ್ಶನ್ ವೈರ್ ಮೂರು ತಂತಿಯದ್ದು, ಅರ್ಥಿಂಗ್ ಇರುವುದು, ಹೊರಾಂಗಣಕ್ಕೆಂದು ಮಾಡಿದ್ದು ಬೇಕು. 1000 ವಾಟ್ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ, 120 ವೋಲ್ಟ್‌ನಲ್ಲಿ 8.3. ಇದು ಗಂಟೆಗಟ್ಟಲೆ ಹರಿಯುವ ಕರೆಂಟ್, ಹಾಗಾಗಿ ತೆಳು ವೈರ್ ಕಾಯುತ್ತದೆ. ಸುರುಳಿ ಸುತ್ತಿಟ್ಟು ಬಳಸಬೇಡಿ, ಪೂರ್ತಿ ಬಿಚ್ಚಿ. ಲೀಕೇಜ್ ಆದರೆ ಲೈನ್ ಕಡಿಯುವ 30 ಮಿಲಿಆಂಪಿಯರ್ ಬ್ರೇಕರ್ ಇರುವ ಪಾಯಿಂಟ್‌ನಿಂದಲೇ ಕರೆಂಟ್ ತೆಗೆದುಕೊಳ್ಳಿ. ಹಿಮ, ಒದ್ದೆ ನೆಲ, ಕಬ್ಬಿಣದ ಯಂತ್ರ ಒಂದೇ ಕಡೆ ಇರುವಾಗ ಇದರಲ್ಲಿ ಉಳಿತಾಯ ಮಾಡಬಾರದು.

ಹೆಜ್ಜೆ 7: ಎಷ್ಟು ಹೊತ್ತು?

ರಾತ್ರಿಯಿಡೀ ಬೇಕಾಗಿಲ್ಲ. ಎರಡರಿಂದ ನಾಲ್ಕು ಗಂಟೆಯಲ್ಲಿ ಬ್ಲಾಕ್ ಕಾಯಬೇಕಾದಷ್ಟು ಕಾದಿರುತ್ತದೆ. ಆಮೇಲೆ ಕೊಟ್ಟ ಬಿಸಿಯೆಲ್ಲ ಹೊರಗಿನ ಗಾಳಿಗೆ ಹೋಗುತ್ತದೆ. 1000 ವಾಟ್ ಹೀಟರ್ ಮೂರು ಗಂಟೆಗೆ 3 ಯೂನಿಟ್, ಹತ್ತು ಗಂಟೆಗೆ 10 ಯೂನಿಟ್. ಚಳಿಗಾಲ ಮುಗಿಯುವುದರೊಳಗೆ ಈ ವ್ಯತ್ಯಾಸ ಒಂದು ಟೈಮರ್‌ನ ಬೆಲೆಯನ್ನು ಮೀರಿಸುತ್ತದೆ. ಹೀಟರ್‌ನ ಆಂಪಿಯರ್ ತಡೆಯುವ, ಹೊರಗೆ ಇಡಬಹುದಾದ ಟೈಮರ್ ತೆಗೆದುಕೊಳ್ಳಿ. ಆರು ಗಂಟೆಗೆ ಕೆಲಸ ಶುರು ಎಂದರೆ ಮೂರಕ್ಕೆ ಆನ್ ಆಗಲಿ. ಮೈನಸ್ 30ರ ಹತ್ತಿರ ಇದ್ದರೆ ಇನ್ನೊಂದು ಗಂಟೆ ಮುಂಚೆ.

ಹೆಜ್ಜೆ 8: ಬೆಳಗ್ಗೆ

ಮೊದಲು ಪ್ಲಗ್ ತೆಗೆಯಿರಿ. ವೈರ್ ಎಳೆದುಕೊಂಡು ಹೊರಟವರು ತುಂಬಾ ಜನ. ಆಮೇಲೆ ಗೇರ್ ನ್ಯೂಟ್ರಲ್ ಮಾಡಿ, ಕ್ಲಚ್ ಪೂರ್ತಿ ತುಳಿದು ಸೆಲ್ಫ್ ಹೊಡೆಯಿರಿ. ಟ್ರ್ಯಾಕ್ಟರ್‌ನ ಗೇರ್‌ಬಾಕ್ಸಿನಲ್ಲಿ ಹತ್ತಾರು ಲೀಟರ್ ಆಯಿಲ್ ಇರುತ್ತದೆ, ಅದು ಬ್ಲಾಕ್ ಹೀಟರ್‌ನಿಂದ ಕಾಯುವುದಿಲ್ಲ. ಕ್ಲಚ್ ತುಳಿದರೆ ಆ ಗಟ್ಟಿ ಆಯಿಲ್ ಕಲಕುವ ಭಾರ ಸೆಲ್ಫ್ ಮೋಟಾರ್ ಮೇಲೆ ಬೀಳುವುದಿಲ್ಲ. ಎಂಜಿನ್ ಎದ್ದ ಮೇಲೆ ಹೈಡ್ರಾಲಿಕ್ ಅನ್ನು ಕೂಡಲೇ ಭಾರಕ್ಕೆ ಹಾಕಬೇಡಿ, ಕೆಲವು ನಿಮಿಷ ಕಾಯಿರಿ.

ಎಂಜಿನ್ ಬೇಗ ಹೊತ್ತಿಕೊಳ್ಳಲಿ ಎಂದು ಗಾಳಿ ಹೋಗುವ ದಾರಿಗೆ ಹೊಡೆಯುವ ಈಥರ್ ಸ್ಪ್ರೇ ಬಗ್ಗೆ ಎಚ್ಚರ ಹೇಳಲೇಬೇಕು. ಗ್ಲೋ ಪ್ಲಗ್ ಅಥವಾ ಗಾಳಿ ಹೀಟರ್ ಇರುವ ಎಂಜಿನ್‌ಗೆ ಅದನ್ನು ಹೊಡೆಯಬಾರದು. ಕೆಂಪಗೆ ಕಾದ ತಂತಿಗೆ ಈಥರ್ ತಾಗಿದರೆ ಸಿಡಿಯುತ್ತದೆ. ಪಿಸ್ಟನ್, ರಿಂಗ್ ಒಡೆಯುವುದಷ್ಟೇ ಅಲ್ಲ, ಪಕ್ಕದಲ್ಲಿ ನಿಂತವರಿಗೂ ಅಪಾಯ.

ಎಂಜಿನ್ ಚೆನ್ನಾಗಿ ತಿರುಗುತ್ತದೆ, ಒಂದೆರಡು ನಿಮಿಷ ಓಡಿ ನಿಲ್ಲುತ್ತದೆ ಎಂದರೆ ಹೀಟರ್ ದೂರಬೇಡಿ. ಡೀಸೆಲ್‌ನಲ್ಲಿರುವ ಮೇಣ ಚಳಿಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟಿದೆ, ಅಥವಾ ಫಿಲ್ಟರ್‌ನಲ್ಲಿದ್ದ ನೀರು ಹೆಪ್ಪುಗಟ್ಟಿದೆ. ಚಳಿಗಾಲದ ಡೀಸೆಲ್ ಹಾಕಿಸಬೇಕು, ಫಿಲ್ಟರ್ ಕೆಳಗಿನ ನೀರನ್ನು ಚಳಿಗೆ ಮೊದಲೇ ಇಳಿಸಬೇಕು. ಬಯೋಡೀಸೆಲ್ ಬೆರೆತದ್ದು ಇನ್ನೂ ಬೇಗ ಗಟ್ಟಿಯಾಗುತ್ತದೆ. ಎಂಜಿನ್ ಹೀಟರ್ ಟ್ಯಾಂಕ್ ಮತ್ತು ಫಿಲ್ಟರ್ ತನಕ ತಲುಪುವುದಿಲ್ಲ.

ಹೀಟರ್ ಕೆಲಸ ಮಾಡುತ್ತಿದೆಯೇ?

ಪ್ಲಗ್ ಹಾಕಿ ಒಂದು ಗಂಟೆ ಬಿಟ್ಟು ಬ್ಲಾಕ್ ಮುಟ್ಟಿ ನೋಡಿ, ಹೀಟರ್ ಹತ್ತಿರ ಬೆಚ್ಚಗಿರಬೇಕು. ಅನುಮಾನ ಇದ್ದರೆ ಪ್ಲಗ್ ತೆಗೆದು ಮಲ್ಟಿಮೀಟರ್‌ನಿಂದ ಪ್ಲಗ್‌ನ ಎರಡು ಪಿನ್ ಮಧ್ಯೆ ಓಮ್ ಅಳೆಯಿರಿ. 230 ವೋಲ್ಟ್, 1000 ವಾಟ್ ಹೀಟರ್‌ನಲ್ಲಿ ಸುಮಾರು 53 ಓಮ್ ಬರಬೇಕು. 120 ವೋಲ್ಟ್‌ನದ್ದಾದರೆ 14 ಚಿಲ್ಲರೆ. ಬೇರೆ ವಾಟ್‌ಗೆ ಲೆಕ್ಕ ಸುಲಭ: ವೋಲ್ಟ್ ಅನ್ನು ವೋಲ್ಟ್‌ನಿಂದಲೇ ಗುಣಿಸಿ ವಾಟ್‌ನಿಂದ ಭಾಗಿಸಿ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಅಥವಾ ವೈರ್ ಕಡಿದಿದೆ. ಒಳಗೆ ಥರ್ಮೋಸ್ಟಾಟ್ ಇರುವ ಟ್ಯಾಂಕ್ ಹೀಟರ್ ಆದರೆ ತಣ್ಣಗಿದ್ದಾಗಲೇ ಅಳೆಯಿರಿ, ಬಿಸಿ ಇದ್ದಾಗ ಅದು ತಾನೇ ಲೈನ್ ಕಡಿದಿರುತ್ತದೆ. ಅರ್ಥ್ ಪಿನ್ ಮತ್ತು ಉಳಿದ ಪಿನ್‌ಗಳ ಮಧ್ಯೆ ಮೀಟರ್ ಏನಾದರೂ ತೋರಿಸಿದರೆ ಆ ಹೀಟರ್ ಮತ್ತೆ ಬಳಸಬೇಡಿ, ಬದಲಿಸಿ.

ಈ ಅಳತೆಯನ್ನು ಚಳಿ ಶುರುವಾಗುವ ಒಂದು ತಿಂಗಳು ಮೊದಲೇ ಮಾಡಿಟ್ಟುಕೊಳ್ಳಿ. ಆಗ ಹೀಟರ್ ಕೆಟ್ಟಿದ್ದರೂ ಕೂಲೆಂಟ್ ಇಳಿಸಿ ಹೊಸದನ್ನು ಕೂರಿಸಲು ಕೈ ಮರಗಟ್ಟದ ಹವೆ ಇರುತ್ತದೆ.